ಚಲಚ್ಚಿತ್ರದ ಮೂಲಪಾಠವೂ ಕ್ರೈಟೀರಿಯನ್ ಪ್ರಕಾಶನವೂ

ಗ್ರಂಥವು ಕವಿಯ ಕೈಯಿಂದ ಹೊರಬಿದ್ದ ಮಾತ್ರಕ್ಕೆ ಲೋಕದಲ್ಲಿ ನೆಲೆನಿಲ್ಲುವುದಿಲ್ಲ. ಅದನ್ನು ಪ್ರತಿಮಾಡುವ ಲಿಪಿಕಾರನು ಬೇಕು; ಹುಳು ಹಿಡಿದ ಓಲೆಗಳನ್ನು ಒಂದಕ್ಕೊಂದು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವ ಸಂಪಾದಕನು ಬೇಕು; ಕಠಿನಸ್ಥಳಗಳಲ್ಲಿ ಓದುಗನನ್ನು ಕೈಹಿಡಿದು ನಡೆಯಿಸುವ ವ್ಯಾಖ್ಯಾನಕಾರನು ಬೇಕು; ಕಡೆಗೆ ಇವೆಲ್ಲವನ್ನೂ ಕೂಡಿಸಿ ಮನೆಮನೆಗೆ ಮುಟ್ಟಿಸುವ ಪ್ರಕಾಶಕನು ಬೇಕು. ಪಂಪಭಾರತವು ಹತ್ತನೆಯ ಶತಮಾನದ ಕೃತಿಯಾದರೂ, ೧೮೯೮ರಲ್ಲಿ ರೈಸ್ ಸಾಹೇಬರು ಅದನ್ನು ಅಚ್ಚುಹಾಕಿಸುವವರೆಗೆ, ಅನಂತರ ೧೯೩೧ರಲ್ಲಿ ಸಾಹಿತ್ಯ ಪರಿಷತ್ತು ಪರಿಷ್ಕರಿಸಿ ಹೊರತರುವವರೆಗೆ, ಸಾಮಾನ್ಯ ವಿದ್ಯಾವಂತನ ಪಾಲಿಗೆ ಬರಿಯ ಹೆಸರಾಗಿಯೇ ಇದ್ದಿತು. ಈ ಮಾತು ಸಾಹಿತ್ಯಕ್ಕೆ ಸಲ್ಲುವುದೆಂದು ಎಲ್ಲರೂ ಒಪ್ಪುವರು. ಚಲಚ್ಚಿತ್ರಕ್ಕೂ ಸಲ್ಲುವುದೆಂದರೆ ನಗುವವರುಂಟು. ಸಂಜೆಯ ಹೊತ್ತು ಕಳೆಯುವ ಆಟಕ್ಕೆ ಪಾಠಶುದ್ಧಿಯೇನು, ವ್ಯಾಖ್ಯಾನವೇನು ಎಂದು ಅವರ ಆಕ್ಷೇಪ. ಈ ಆಕ್ಷೇಪಕ್ಕೆ ಮಾತಿನಿಂದಲ್ಲದೆ ಕಾರ್ಯದಿಂದ ಉತ್ತರ ಕೊಟ್ಟ ಸಂಸ್ಥೆಗಳಲ್ಲಿ ಅಮೆರಿಕ ದೇಶದ ಕ್ರೈಟೀರಿಯನ್ ಎಂಬ ವೀಡಿಯೋ ಪ್ರಕಾಶನಾಲಯವು ಮುಖ್ಯವಾದುದು. ೧೯೮೪ರಿಂದ ಈಚೆಗೆ ಅದು ನಡೆದುಬಂದ ದಾರಿಯಲ್ಲಿ ಪ್ರಶಂಸೆಗೆ ಎಡೆಯುಂಟು, ಆಕ್ಷೇಪಕ್ಕೂ ಎಡೆಯುಂಟು. ಎರಡನ್ನೂ ಪರಿಶೀಲಿಸತಕ್ಕುದು.

ಕ್ರೈಟೀರಿಯನ್ ಎಂಬ ಶಬ್ದಕ್ಕೆ ಒರೆಗಲ್ಲು, ಪ್ರಮಾಣ ಎಂದು ಅರ್ಥಮಾಡಬಹುದು. ಹೆಸರಿನಲ್ಲಿಯೇ ಸ್ವಲ್ಪ ಹಮ್ಮು ಇರುವುದು ನಿಜ. ಈ ಸಂಸ್ಥೆಯು ತಾನಾಗಿ ಚಿತ್ರಗಳನ್ನು ತಯಾರಿಸಿದುದಲ್ಲ. ಅನ್ಯರು ತಯಾರಿಸಿದವುಗಳಲ್ಲಿ ಉತ್ತಮವೆಂದು ತನಗೆ ತೋರಿದುದನ್ನು ಆರಿಸಿ, ಅದರ ಮೂಲಪ್ರತಿಯನ್ನು ಹುಡುಕಿ, ಶೋಧಿಸಿ, ಮನೆಯಲ್ಲಿ ಕುಳಿತು ನೋಡುವವರಿಗೆ ಒದಗಿಸುವುದು ಅದರ ವೃತ್ತಿ. ಇದರ ಚರಿತ್ರೆಯನ್ನು ತಿಳಿಯಬೇಕಾದರೆ ಇದಕ್ಕೂ ಹಿರಿಯದಾದ ಜೇನಸ್ ಫಿಲ್ಮ್ಸ್ ಎಂಬ ಇನ್ನೊಂದು ಸಂಸ್ಥೆಯನ್ನು ಮೊದಲು ನೆನೆಯಬೇಕಾಗುತ್ತದೆ. ಬ್ರಯಂಟ್ ಹ್ಯಾಲಿಡೇ, ಸೈರಸ್ ಹಾರ್ವೆ ಎಂಬಿಬ್ಬರು ೧೯೫೬ರಲ್ಲಿ ಅದನ್ನು ಸ್ಥಾಪಿಸಿದರು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ನೆರೆಯಲ್ಲಿರುವ ಬ್ರ್ಯಾಟಲ್ ಎಂಬ ಮಂದಿರದಲ್ಲಿ ಪರದೇಶದ ಚಿತ್ರಗಳನ್ನು ತೋರಿಸುತ್ತಿದ್ದವರು ಇವರು. ಸ್ವೀಡನ್ನಿನ ಬರ್ಗ್‌ಮನ್, ಫ್ರಾನ್ಸಿನ ತ್ರೂಫೋ ಮೊದಲಾದವರ ಕೃತಿಗಳು ಅಮೆರಿಕದ ವಿದ್ಯಾವಂತರಿಗೆ ಪರಿಚಿತವಾದುದರಲ್ಲಿ ಇವರ ಪಾಲು ದೊಡ್ಡದು. ಜೇನಸ್ ಎಂಬುದು ರೋಮನರ ದ್ವಾರದೇವತೆ. ಅದಕ್ಕೆ ಹಿಂದಕ್ಕೊಂದು ಮುಂದಕ್ಕೊಂದು ಎರಡು ಮುಖ. ೧೯೬೦ರ ದಶಕದ ನಡುವಿನಲ್ಲಿ ಸಂಸ್ಥೆಯು ವಿಲಿಯಂ ಬೆಕರ್, ಸಾಲ್ ಟ್ಯುರೆಲ್ ಎಂಬವರ ಕೈಗೆ ಬಂದಿತು. ಇವರಿಬ್ಬರ ಮಕ್ಕಳು ಮುಂದೆ ಕ್ರೈಟೀರಿಯನ್ನಿನ ಆಡಳಿತವನ್ನು ವಹಿಸಿದರು. ತಂದೆಯ ಭಂಡಾರವನ್ನು ಮಕ್ಕಳು ಕಾದುಕೊಂಡು ಬಂದ ಈ ಸಂಗತಿಯು ಪಾಠಪರಂಪರೆಯನ್ನು ಬಲ್ಲವರಿಗೆ ಆಶ್ಚರ್ಯವನ್ನುಂಟುಮಾಡದು.

ಆದರೆ ಕ್ರೈಟೀರಿಯನ್ನಿಗೆ ಬೀಜಹಾಕಿದವರು ಜೇನಸ್ಸಿನವರಲ್ಲ. ರಾಬರ್ಟ್ ಸ್ಟೈನ್, ಅವರ ಪತ್ನಿ ಅಲೀನ್ ಸ್ಟೈನ್ ಮತ್ತು ಅವರ ಸಂಗಡಿಗರು ೧೯೮೪ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಇದನ್ನು ಆರಂಭಿಸಿದರು. ಸ್ಟೈನ್ ಅವರಿಗೆ ಚಿತ್ರಗಳಿಗಿಂತಲೂ ಪುಸ್ತಕವೇ ಮುಖ್ಯ ಚಿಂತೆಯಾಗಿದ್ದುದು ಗಮನಾರ್ಹ. ವಿದ್ಯುದ್ಯಂತ್ರಗಳ ಯುಗದಲ್ಲಿ ಪುಸ್ತಕವು ಯಾವ ರೂಪವನ್ನು ತಾಳಬೇಕೆಂಬುದನ್ನು ಅವರು ಮೊದಲಿನಿಂದಲೂ ಆಲೋಚಿಸುತ್ತಿದ್ದರು. ಆಗ ಬಳಕೆಗೆ ಬಂದಿದ್ದ ಲೇಸರ್ ಡಿಸ್ಕು ಅವರ ಕಣ್ಣಿಗೆ ಪುಸ್ತಕದಂತೆ ಕಂಡಿತು.

ಈ ಡಿಸ್ಕಿನ ಸ್ವರೂಪವನ್ನು ಸ್ವಲ್ಪ ವಿವರಿಸದಿದ್ದರೆ ಮುಂದಿನ ಮಾತು ತಿಳಿಯದು. ಗ್ರಾಮಫೋನಿನ ದೊಡ್ಡ ತಟ್ಟೆಯಂತೆ ಹನ್ನೆರಡು ಅಂಗುಲ ಅಗಲದ, ಬೆಳ್ಳಿಯಂತೆ ಹೊಳೆಯುವ ತಟ್ಟೆಯದು. ಒಂದು ಬಗೆಯ ತಟ್ಟೆಯಲ್ಲಿ ಪ್ರತಿ ಪಾರ್ಶ್ವಕ್ಕೆ ಅರ್ಧ ಗಂಟೆಯ ಚಿತ್ರವು ಮಾತ್ರ ಹಿಡಿಯುತ್ತಿದ್ದಿತು. ಆದರೆ ಆ ಅರ್ಧ ಗಂಟೆಯಲ್ಲಿನ ೫೪,೦೦೦ ಚೌಕಗಳಲ್ಲಿ ಬೇಕಾದ ಒಂದನ್ನು ಅದರ ಸಂಖ್ಯೆಯಿಂದ ಹುಡುಕಿ, ಅಲುಗದಂತೆ ನಿಲ್ಲಿಸಿ ನೋಡಬಹುದಾಗಿದ್ದಿತು. ಮಂದಿರದಲ್ಲಿ ಚಿತ್ರವು ಪ್ರವಾಹ. ಹರಿದುಹೋದುದು ಮರಳಿ ಬಾರದು. ಈ ತಟ್ಟೆಯಲ್ಲಾದರೋ ಅದು ಪತ್ರಸಂಖ್ಯೆಯುಳ್ಳ ಗ್ರಂಥ. ಶ್ಲೋಕವೊಂದನ್ನು ಮತ್ತೆ ಮತ್ತೆ ಅನ್ವಯಿಸಿ ನೋಡುವ ಹಾಗೆ ದೃಶ್ಯವೊಂದನ್ನು ಮತ್ತೆ ಮತ್ತೆ ನೋಡಲು ಗೃಹಸ್ಥನಿಗೆ ಸಾಧ್ಯವಾಯಿತು. ಚಿತ್ರವು ಪಠನಯೋಗ್ಯವಾದುದು ಆಗ. ಸಂಸ್ಥೆಯ ಮೊದಲ ಎರಡು ಪ್ರಕಟಣೆಗಳು ‘ಸಿಟಿಜನ್ ಕೇನ್’ ಮತ್ತು ‘ಕಿಂಗ್ ಕಾಂಗ್’: ಒಂದು ಗಂಭೀರಕೃತಿ, ಇನ್ನೊಂದು ದೈತ್ಯವಾನರನ ಕಥೆ. ಒರೆಗಲ್ಲೆಂದು ಹೆಸರಿಟ್ಟುಕೊಂಡವರು ವಾನರನನ್ನೂ ಒರೆಗೆ ಹಚ್ಚಿದುದು ಅವರ ರಸಿಕತೆಗೆ ಸಾಕ್ಷಿ. ಶೃಂಗಾರ ಕರುಣಗಳಂತೆ ಅದ್ಭುತ ಭಯಾನಕಗಳೂ ರಸಗಳೇ ಎಂಬುದನ್ನು ಭರತಮುನಿಯ ನಾಡಿನವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಆ ‘ಕಿಂಗ್ ಕಾಂಗ್’ ತಟ್ಟೆಯಲ್ಲಿಯೇ ಒಂದು ಹೊಸ ಸಂಪ್ರದಾಯವು ಹುಟ್ಟಿತು. ತಟ್ಟೆಯಲ್ಲಿ ಎರಡು ಧ್ವನಿಪಥಗಳಿದ್ದುವು. ೧೯೩೩ರ ಹಳೆಯ ಚಿತ್ರಕ್ಕೆ ಒಂದೇ ಧ್ವನಿಪಥವು ಸಾಕಾಗಿ, ಇನ್ನೊಂದು ಬರಿದಾಗಿ ಉಳಿಯಿತು. ಲಾಸ್ ಏಂಜಲೀಸಿನ ಕಲಾಸಂಗ್ರಹಾಲಯದಲ್ಲಿ ಚಲಚ್ಚಿತ್ರವಿಭಾಗವನ್ನು ನೋಡಿಕೊಳ್ಳುತ್ತಿದ್ದ ರೊನಾಲ್ಡ್ ಹೇವರ್ ಎಂಬ ವಿದ್ವಾಂಸರು ಆ ಬರಿಯ ಪಥದಲ್ಲಿ ಚಿತ್ರದೊಡನೆ ಕೂಡಿಯೇ ಮಾತಾಡುತ್ತ ಹೋದರು: ಈ ಕಾಡನ್ನು ಹೇಗೆ ನಿರ್ಮಿಸಿದರು, ಈ ಗೊಂಬೆಯನ್ನು ಹೇಗೆ ಅಲುಗಿಸಿದರು, ಇಲ್ಲಿ ಯಾವ ದೃಶ್ಯವನ್ನು ಕತ್ತರಿಸಿಹಾಕಿದರು ಎಂದು. ಮೂಲವು ಮೇಲೆ, ಟೀಕೆಯು ಕೆಳಗೆ ಇರುವ ಪಂಚಕಾವ್ಯದ ಪುಸ್ತಕಗಳನ್ನು ಓದಿ ಬೆಳೆದವರಿಗೆ ಇದು ಹೊಸದಾಗಿ ತೋರದು. ಆದರೆ ಚಿತ್ರಜಗತ್ತಿಗೆ ಇದು ಅಪೂರ್ವವಾಗಿದ್ದಿತು. ಆ ಬಳಿಕ ದೊಡ್ಡ ದೊಡ್ಡ ಚಿತ್ರಕಂಪನಿಗಳೆಲ್ಲ ಇದನ್ನು ಅನುಕರಿಸಿದುವು. ಹೆಚ್ಚಿನವು ಕೆಟ್ಟದಾಗಿ ಅನುಕರಿಸಿದುವು ಎಂಬುದನ್ನೂ ಹೇಳಬೇಕು. ಮಲ್ಲಿನಾಥನು ಮೂಲದಲ್ಲಿಲ್ಲದುದನ್ನು ಹೇಳುವುದಿಲ್ಲ, ಬೇಡವಾದುದನ್ನು ಆಡುವುದಿಲ್ಲ ಎಂದು ಪಣತೊಟ್ಟು ಬರೆದವನು. ಚಿತ್ರೀಕರಣದ ದಿನ ಯಾರಿಗೆ ನೆಗಡಿಯಾಗಿತ್ತು, ಊಟಕ್ಕೆ ಏನು ಬಂದಿತ್ತು ಎಂದು ನಟನಟಿಯರು ಎರಡು ಗಂಟೆಗಳ ಕಾಲ ಹರಟುವುದು ಟೀಕೆಯಲ್ಲ. ಅದು ಜಗಲಿಯ ಮಾತು. ವಿದ್ವಾಂಸನ ಟೀಕೆಯನ್ನೂ ಕರ್ತೃವಿನ ಹರಟೆಯನ್ನೂ ಒಂದೇ ಹೆಸರಿನಿಂದ ಕರೆದುದರಿಂದ ಆದ ಹಾನಿ ಸ್ವಲ್ಪವಲ್ಲ.

ಟೀಕೆಗೆ ವಿಘ್ನಗಳೂ ಬಂದುವು. ಜೇಮ್ಸ್ ಬಾಂಡ್ ಎಂಬ ಗೂಢಚಾರನ ಮೊದಲ ಮೂರು ಚಿತ್ರಗಳನ್ನು ೧೯೯೧ರಲ್ಲಿ ಸಂಸ್ಥೆಯು ಟೀಕೆಯೊಡನೆ ಪ್ರಕಟಿಸಿತು. ಅದರಲ್ಲಿ ಭಾಗವಹಿಸಿದವರು ಮರೆಮಾಚದೆ ಆಡಿದ ಮಾತುಗಳು ಚಿತ್ರಗಳ ಒಡೆಯರಿಗೆ ಹಿಡಿಸದೆ ಹೋಗಿ, ಆ ತಟ್ಟೆಗಳನ್ನು ಮಾರಾಟದಿಂದ ಹಿಂದೆಗೆದುಕೊಳ್ಳಬೇಕಾಯಿತು. ಮೂಲದ ಒಡೆತನವುಳ್ಳವನಿಗೆ ಟೀಕೆಯ ಮೇಲೂ ಅಧಿಕಾರವಿರುವ ಶಾಸ್ತ್ರದಲ್ಲಿ ಸ್ವತಂತ್ರವಿಮರ್ಶೆಗೆ ಎಷ್ಟು ಅವಕಾಶ ಎಂಬುದನ್ನು ಯೋಚಿಸಬೇಕು. ಕಾಳಿದಾಸನ ಮನೆಯವರು ಬಂದು ಮಲ್ಲಿನಾಥನ ಓಲೆಗಳನ್ನು ಕಸಿದುಕೊಳ್ಳುವ ಹಾಗಿರಲಿಲ್ಲ.

ಟೀಕೆಗಿಂತಲೂ ಹಿರಿದಾದ ಉಪಕಾರವು ಪಾಠಶುದ್ಧಿಯ ವಿಷಯದಲ್ಲಿ ಆದುದು. ೧೯೫೦ರ ದಶಕದಿಂದ ಈಚೆಗೆ ಮಂದಿರಗಳಲ್ಲಿ ಚಿತ್ರದ ಪರದೆಯು ಅಗಲವಾಗುತ್ತ ಬಂದಿತು; ಮನೆಯ ಟೆಲಿವಿಷನ್ ಪೆಟ್ಟಿಗೆಯು ಮಾತ್ರ ಬಹುಕಾಲ ಹೆಚ್ಚುಕಡಮೆ ಚೌಕವಾಗಿಯೇ ಉಳಿಯಿತು. ಅಗಲವಾದ ಚಿತ್ರವನ್ನು ಚೌಕದಲ್ಲಿ ತುಂಬುವುದಕ್ಕಾಗಿ ಕಂಪನಿಗಳು ಅದರ ಎಡಬಲಗಳನ್ನು ಕತ್ತರಿಸಿಹಾಕುತ್ತಿದ್ದುವು. ಅತ್ಯಂತ ಅಗಲವಾದ ಚಿತ್ರಗಳಲ್ಲಿ ಐದರಲ್ಲಿ ಎರಡು ಪಾಲಿಗಿಂತಲೂ ಹೆಚ್ಚು ಹೀಗೆ ನಷ್ಟವಾಗುತ್ತಿದ್ದಿತು. ಇಬ್ಬರು ಎದುರುಬದುರಾಗಿ ನಿಂತು ಸಂಭಾಷಿಸುವ ದೃಶ್ಯದಲ್ಲಿ ಒಬ್ಬನು ಮಾಯವಾಗುವನು. ಅಥವಾ ನಿರ್ದೇಶಕನು ಎಂದೂ ಅಲುಗಿಸದ ಕ್ಯಾಮರಾವನ್ನು ಯಾವನೋ ಗುಮಾಸ್ತೆಯು ಎಡಕ್ಕೂ ಬಲಕ್ಕೂ ಜರುಗಿಸುವನು. ನಾಲ್ಕು ಪಾದಗಳ ವೃತ್ತದಲ್ಲಿ ಎರಡೂವರೆ ಪಾದಗಳನ್ನು ಮಾತ್ರ ಅಚ್ಚುಹಾಕಿ ಇದೇ ಕಾವ್ಯವೆಂದು ಮಾರುವವನನ್ನು ಏನೆನ್ನಬೇಕು? ಆದರೂ ಲಕ್ಷಾಂತರ ಮನೆಗಳಲ್ಲಿ ಈ ಖಂಡಪಾಠವೇ ನಡೆಯುತ್ತಿದ್ದಿತು, ಯಾರೂ ಕೇಳುತ್ತಿರಲಿಲ್ಲ. ಕ್ರೈಟೀರಿಯನ್ನಿನವರು ತಮ್ಮ ಎಂಟನೆಯ ಲೇಸರ್ ಡಿಸ್ಕಾದ, ೧೯೫೬ರ ‘ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್’ ಎಂಬ ಚಿತ್ರದಲ್ಲಿ ಪೂರ್ಣವಾದ ಅಗಲವನ್ನು ಉಳಿಸಿ, ಮೇಲೂ ಕೆಳಗೂ ಕಪ್ಪುಪಟ್ಟಿಯನ್ನು ಬಿಟ್ಟರು. ಅಲ್ಲಿಂದ ಮುಂದೆ ಅದನ್ನೇ ನಿಯಮವಾಗಿ ಇಟ್ಟುಕೊಂಡರು. ಹಣಕೊಟ್ಟು ಕೊಂಡ ಪೆಟ್ಟಿಗೆಯಲ್ಲಿ ಕಪ್ಪುಪಟ್ಟಿಯನ್ನು ನೋಡಬೇಕಾದುದಕ್ಕೆ ಜನರು ಗೊಣಗುತ್ತಿದ್ದ ಕಾಲವದು. ಗೊಣಗಾಟಕ್ಕೆ ಬಗ್ಗದೆ ಮೂಲದ ಪಕ್ಷವನ್ನು ಹಿಡಿದುದರಲ್ಲಿ ಸಂಪಾದಕಧರ್ಮವು ಎದ್ದುಕಾಣುತ್ತದೆ.

೧೯೮೫ರಲ್ಲಿ ಸ್ಟೈನ್ ದಂಪತಿಗಳೂ ಜೇನಸ್ಸಿನವರೂ ಸೇರಿ ವಾಯೇಜರ್ ಎಂಬ ಕೂಡುಸಂಸ್ಥೆಯನ್ನು ಕಟ್ಟಿದರು; ೧೯೯೭ರ ಹೊತ್ತಿಗೆ ಆ ಪಾಲುಗಾರಿಕೆ ಮುರಿದು, ಕ್ರೈಟೀರಿಯನ್ ಜೇನಸ್ಸಿನವರ ಪಾಲಿಗೆ ಬಂದಿತು. ಅಷ್ಟರಲ್ಲಿ ಲೇಸರ್ ಡಿಸ್ಕಿನ ಕಾಲವೂ ಮುಗಿಯುತ್ತ ಬಂದು, ಅಂಗೈಯಗಲದ ಡಿ.ವಿ.ಡಿ. ತಟ್ಟೆಯು ತಲೆಯೆತ್ತಿದ್ದಿತು. ೧೯೯೮ರಲ್ಲಿ ಹೊಸ ಮಾಲೆಯು ಆರಂಭವಾಯಿತು. ಅದರಲ್ಲಿ ಒಂದನೆಯ ಸಂಖ್ಯೆಯನ್ನು ಝಾನ್ ರೆನ್ವಾರ್ ಅವರ ‘ಲಾ ಗ್ರಾಂದ್ ಇಲ್ಯೂಝಿಯೋ’ ಎಂಬ ೧೯೩೭ರ ಫ್ರೆಂಚ್ ಚಿತ್ರಕ್ಕೆ ಮೀಸಲಾಗಿಟ್ಟಿದ್ದರು. ಆದರೆ ಒಂದನೆಯದು ಹೊರಬಂದುದು ೧೯೯೯ರಲ್ಲಿ; ಎರಡನೆಯದಾದ ಕುರೋಸಾವಾ ಅವರ ‘ಸೆವೆನ್ ಸಮುರಾಯ್’ ಅದಕ್ಕೂ ಮೊದಲೇ ಬಂದಿದ್ದಿತು. ಈ ವಿಳಂಬದ ಕಾರಣವು ಗ್ರಂಥಸಂಪಾದನೆಯ ಚರಿತ್ರೆಯಲ್ಲಿ ಬರೆಯತಕ್ಕಂತಹದು.

ರೆನ್ವಾರ್ ಅವರ ಆ ಚಿತ್ರದಲ್ಲಿ ಮೊದಲನೆಯ ಮಹಾಯುದ್ಧದ ಕೈದಿಗಳ ಕಥೆಯಿದೆ. ಶತ್ರುಗಳೆಂಬುವರೂ ಮನುಷ್ಯರೆಂಬ ಭಾವವು ಅದರ ಜೀವಾಳ. ಸಹಜವಾಗಿಯೇ ನಾತ್ಸಿಗಳಿಗೆ ಅದು ಸಹಿಸಲಿಲ್ಲ. ಪ್ಯಾರಿಸ್ ನಗರವು ೧೯೪೦ರಲ್ಲಿ ಅವರ ವಶವಾದ ಮೇಲೆ ಮೂಲ ನೆಗೆಟಿವ್ ಬರ್ಲಿನ್ನಿಗೆ ಹೋಯಿತು. ಯುದ್ಧಾಂತ್ಯದಲ್ಲಿ ಬರ್ಲಿನ್ ಬಿದ್ದಾಗ ಅಲ್ಲಿಂದ ರಷ್ಯದ ಚಿತ್ರಭಂಡಾರಕ್ಕೆ ಸೇರಿತು. ಮೂಲವು ನಾಶವಾಯಿತೆಂದೇ ಎಲ್ಲರೂ ತಿಳಿದಿದ್ದರು. ಸ್ವತಃ ರೆನ್ವಾರ್ ಅವರೇ ಉಳಿದ ಪ್ರತಿಗಳನ್ನು ಕೂಡಿಸಿ ೧೯೫೮ರಲ್ಲಿ ಒಂದು ಪಾಠವನ್ನು ಸಿದ್ಧಪಡಿಸಿದರು. ೧೯೬೦ರ ದಶಕದಲ್ಲಿ ಭಂಡಾರಗಳ ನಡುವಣ ವಿನಿಮಯದಲ್ಲಿ ಆ ನೆಗೆಟಿವ್ ಫ್ರಾನ್ಸಿನ ತೂಲೂಸ್ ನಗರಕ್ಕೆ ಮರಳಿತಾದರೂ, ಅದು ಏನೆಂಬುದು ಯಾರ ಲಕ್ಷ್ಯಕ್ಕೂ ಬಾರದೆ ದಶಕಗಳ ಕಾಲ ಡಬ್ಬಿಗಳಲ್ಲಿ ಮಲಗಿದ್ದಿತು. ೧೯೯೦ರ ದಶಕದಲ್ಲಿ ಅದರ ಗುರುತು ಸಿಕ್ಕಿತು. ಕೈಯಲ್ಲಿದ್ದ ಪಾಠವನ್ನೇ ಮುದ್ರಿಸಿ ಹಣಮಾಡಿಕೊಳ್ಳಬಹುದಾಗಿದ್ದ ಪ್ರಕಾಶಕರು, ಈ ಮೂಲದಿಂದ ಸಿದ್ಧವಾದ ಶುದ್ಧಪ್ರತಿಗಾಗಿ ಕಾದರು. ಗ್ರಂಥವು ಅಚ್ಚಿಗೆ ಹೋಗುವ ಹೊತ್ತಿನಲ್ಲಿ ಹೆಚ್ಚು ಹಳೆಯ ಓಲೆಯೊಂದು ದೊರೆತರೆ, ಕಟ್ಟಿದ ಮೊಳೆಗಳನ್ನು ಕೆಡವಿಸಿ ಮತ್ತೆ ಮೊದಲಿನಿಂದ ಕುಳಿತುಕೊಳ್ಳುವ ಸಂಪಾದಕನ ನಿಷ್ಠೆಯದು. ‘ಸೆವೆನ್ ಸಮುರಾಯ್’ ಚಿತ್ರವನ್ನೂ ಅವರು ೨೦೦೬ರಲ್ಲಿ ಮತ್ತೆ ಶೋಧಿಸಿ ಮೂರು ತಟ್ಟೆಗಳಲ್ಲಿ ಹೊರತಂದರು. ಮೊದಲನೆಯದನ್ನು ಕೊಂಡವರು ಮತ್ತೆ ಹಣ ತೆರಬೇಕಾಯಿತೆಂಬುದು ಬೇರೆ ಮಾತು.

ಭಾರತೀಯರಿಗೆ ಈ ಸಂಸ್ಥೆಯ ಅತ್ಯಂತ ನಿಕಟವಾದ ಕಾರ್ಯವು ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದ ಉದ್ಧಾರ. ‘ಪಥೇರ್ ಪಾಂಚಾಲಿ’, ‘ಅಪರಾಜಿತೋ’, ‘ಅಪುರ್ ಸಂಸಾರ್’ ಈ ಮೂರರ ಕಥೆಯು ವಾಚಕರಿಗೆ ತಿಳಿದುದೇ. ಅವುಗಳ ನೆಗೆಟಿವ್‌ಗಳಿಗೆ ಒದಗಿದ ಗತಿ ಅಷ್ಟಾಗಿ ತಿಳಿದಿಲ್ಲ. ೧೯೯೨ರಲ್ಲಿ ಅಮೆರಿಕದ ಚಲಚ್ಚಿತ್ರ ಅಕಾಡೆಮಿಯು ರಾಯ್ ಅವರಿಗೆ ಗೌರವ ಆಸ್ಕರ್ ಸಲ್ಲಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಅವರ ಚಿತ್ರಗಳನ್ನು ಶಾಶ್ವತವಾಗಿ ಕಾಪಾಡಬೇಕೆಂದು ಮೂಲಗಳನ್ನು ಲಂಡನ್ನಿನ ಹೆಂಡರ್ಸನ್ ಎಂಬ ಪ್ರಯೋಗಶಾಲೆಗೆ ತರಿಸಲಾಗಿದ್ದಿತು. ೧೯೯೩ರ ಜುಲೈ ತಿಂಗಳಲ್ಲಿ ಅಲ್ಲಿ ಬೆಂಕಿ ಬಿದ್ದಿತು. ಕಾಪಾಡುವುದಕ್ಕೆಂದು ತಂದುದೇ ಸುಡುವುದಕ್ಕೆ ಕಾರಣವಾಯಿತು. ವಿಧಿಯ ವೈಪರೀತ್ಯಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಸುಟ್ಟು ಸುರುಟಿದ ಸುರುಳಿಗಳಲ್ಲಿ ಯಂತ್ರಕ್ಕೆ ಕೊಡಲು ಯೋಗ್ಯವಾದುದು ಒಂದೂ ಇರಲಿಲ್ಲ. ಆದರೂ ಅಕಾಡೆಮಿಯ ಭಂಡಾರದವರು ಅವನ್ನು ಎಸೆಯಲಿಲ್ಲ. ಬೂದಿಯನ್ನು ಕರಂಡದಲ್ಲಿಟ್ಟಂತೆ ಇಟ್ಟುಕೊಂಡಿದ್ದರು.

ಇಪ್ಪತ್ತು ವರ್ಷಗಳ ಬಳಿಕ ೨೦೧೩ರಲ್ಲಿ ಕ್ರೈಟೀರಿಯನ್ನಿನವರು ಆ ಡಬ್ಬಿಗಳನ್ನು ತೆರೆಯಿಸಿದರು. ಇಟಲಿಯ ಬೊಲೋನ್ಯ ನಗರದ ಪ್ರಯೋಗಶಾಲೆಯೊಂದಕ್ಕೆ ಅವನ್ನು ಕಳುಹಿಸಲಾಯಿತು. ಒಣಗಿ ಗರಿಗರಿಯಾಗಿದ್ದ ಫಿಲ್ಮಿಗೆ ಮೊದಲು ತೇವವನ್ನು ಮರಳಿ ಊಡಿಸಿ ಮೆದುಮಾಡಿದರು. ಕರಗಿ ಅಂಟಿದ್ದ ಪಟ್ಟಿಗಳನ್ನು ಬಿಡಿಸಿದರು. ಅಂಚಿನ ರಂಧ್ರಗಳು ಹರಿದಿದ್ದೆಡೆಯಲ್ಲಿ ಕೈಯಿಂದಲೇ ಹೊಸ ಅಂಚನ್ನು ಕೂಡಿಸಿದರು. ಸುಮಾರು ಸಾವಿರ ಗಂಟೆಗಳ ಕೈಗೆಲಸ. ಕಡೆಗೆ ‘ಪಥೇರ್ ಪಾಂಚಾಲಿ’ಯ ಮೂಲದಲ್ಲಿ ನೂರಕ್ಕೆ ನಲವತ್ತರಷ್ಟೂ ‘ಅಪರಾಜಿತೋ’ದಲ್ಲಿ ಅರವತ್ತಕ್ಕೆ ಮೀರಿಯೂ ಉಪಯೋಗಕ್ಕೆ ಬಂದಿತು. ಮೂರನೆಯದರ ಮೂಲವು ಪೂರ್ಣವಾಗಿ ಕೈಬಿಟ್ಟಿತು. ಕೊರತೆಯಾದ ಭಾಗಗಳನ್ನು ಬೇರೆ ಬೇರೆ ಭಂಡಾರಗಳಲ್ಲಿದ್ದ ಪ್ರತಿಕೃತಿಗಳಿಂದ ತುಂಬಿದರು. ೧೯೫೫ರ ಮೇ ತಿಂಗಳಲ್ಲಿ ‘ಪಥೇರ್ ಪಾಂಚಾಲಿ’ಯು ಲೋಕಕ್ಕೆ ಮೊದಲು ಕಂಡುದು ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯದಲ್ಲಿ, ಸರಿಯಾಗಿ ಅರವತ್ತು ವರ್ಷಗಳಾದ ಮೇಲೆ, ೨೦೧೫ರ ಮೇ ತಿಂಗಳಲ್ಲಿ, ಅದೇ ಸಂಗ್ರಹಾಲಯದಲ್ಲಿ ಅದು ಮರುಹುಟ್ಟು ಪಡೆದು ಬಂದಿತು. ಅಕ್ಕತಂಗಿಯರಂತೆ ಬಾಳಬೇಕಾದ ಗಾಳಿ ಮಳೆ ಬಿಸಿಲುಗಳೇ ಪಾತ್ರಗಳಾಗಿರುವ ಆ ಚಿತ್ರದಲ್ಲಿ, ಹೊಲದ ಜೊಂಡಿನ ಬಿಳಿಹೂವಿಗೂ ಅದರ ನೆರಳಿಗೂ ಇರುವ ಭೇದವು ಸವೆದ ಪ್ರತಿಗಳಲ್ಲಿ ಅಳಿಸಿಹೋಗಿದ್ದಿತು. ಕಪ್ಪುಬಿಳುಪಿನಲ್ಲಿ ಧ್ವನಿಯಿರುವುದು ಇಂತಹ ಛಾಯಾಭೇದಗಳಲ್ಲಿಯೇ. ಅವನ್ನು ಮರಳಿ ಕಾಣಿಸಿದುದನ್ನು ಅಲಂಕಾರವೆನ್ನಲಾಗದು. ಅದು ಅರ್ಥದ ಪುನಃಪ್ರಾಪ್ತಿ.

ಇಷ್ಟು ಪ್ರಶಂಸೆಯಾದ ಮೇಲೆ ದೋಷಗಳನ್ನು ನೋಡಬೇಕು. ಮೊದಲನೆಯದು ಪಾಠಶುದ್ಧಿಯ ವಿಷಯದಲ್ಲಿಯೇ ಆದ ಚ್ಯುತಿ. ‘ದಿ ಲಾಸ್ಟ್ ಎಂಪರರ್’ ಎಂಬ ೧೯೮೭ರ ಚಿತ್ರವು ಮಂದಿರಗಳಲ್ಲಿ ಅಗಲವಾದ ಪರದೆಗೆಂದು ನಿರ್ಮಿತವಾದುದು. ೨೦೦೮ರಲ್ಲಿ ಕ್ರೈಟೀರಿಯನ್ ಅದನ್ನು ಪ್ರಕಟಿಸಿದಾಗ, ಛಾಯಾಗ್ರಾಹಕರಾದ ಸ್ತೊರಾರೊ ಅವರ ಇಷ್ಟದಂತೆ, ಎಡಬಲಗಳನ್ನು ಕುಗ್ಗಿಸಿ ಎರಡಕ್ಕೊಂದರ ಪ್ರಮಾಣದಲ್ಲಿ ಕೊಟ್ಟಿತು. ಅಂಚು ಕತ್ತರಿಸುವ ಗುಮಾಸ್ತೆಯರ ವಿರುದ್ಧ ನಿಂತು ಹೆಸರು ಪಡೆದ ಮನೆಯಲ್ಲಿಯೇ ಅಂಚು ಕತ್ತರಿಸಿದಂತಾಯಿತು. ಭೇದವಿಷ್ಟೆ, ಈ ಸಲ ಕತ್ತರಿಯು ಕಲಾವಿದನ ಕೈಯಲ್ಲಿದ್ದಿತು. ೨೦೨೧ರಲ್ಲಿ ಹಾಂಗ್‌ಕಾಂಗಿನ ವಾಂಗ್ ಕಾರ್-ವಾಯ್ ಅವರ ಚಿತ್ರಗಳ ಸಂಪುಟವು ಬಂದಾಗ ಇದೇ ವಿವಾದವು ಇನ್ನೂ ಹೆಚ್ಚಾಗಿ ಎದ್ದಿತು. ನಿರ್ದೇಶಕರು ತಮ್ಮ ಹಳೆಯ ಚಿತ್ರಗಳ ಬಣ್ಣಗಳನ್ನು ಮಾರ್ಪಡಿಸಿದರು. ೧೯೯೫ರ ‘ಫಾಲನ್ ಏಂಜೆಲ್ಸ್’ ಚಿತ್ರದ ಆಕಾರವನ್ನೇ ಬದಲಾಯಿಸಿ ಅಗಲಮಾಡಿದರು. ತರುಣನಾಗಿದ್ದಾಗ ಬರೆದುದನ್ನು ವೃದ್ಧನಾದ ಮೇಲೆ ತಿದ್ದುವ ಹಕ್ಕು ಕವಿಗೆ ಇದೆಯೆ? ಇದೆಯೆಂದೇ ಒಪ್ಪೋಣ. ಆದರೆ ತಿದ್ದಿದ ಪಾಠವನ್ನು ಮಾತ್ರ ಉಳಿಸಿ, ಸಹೃದಯರು ಇಪ್ಪತ್ತೈದು ವರ್ಷಗಳಿಂದ ಹೃದಯದಲ್ಲಿಟ್ಟುಕೊಂಡ ಪಾಠವನ್ನು ಸಂಪುಟದಿಂದ ಹೊರಗೆ ಬಿಡುವ ಹಕ್ಕು ಸಂಪಾದಕನಿಗೆ ಇಲ್ಲ. ಶಾಕುಂತಲಕ್ಕೆ ವಂಗಪಾಠವೂ ಉಂಟು, ದೇವನಾಗರಪಾಠವೂ ಉಂಟು. ವಿವೇಕಿಗಳಾದ ಸಂಪಾದಕರು ಒಂದನ್ನು ಮೂಲದಲ್ಲಿಟ್ಟು ಇನ್ನೊಂದನ್ನು ಅಡಿಯಲ್ಲಾದರೂ ತೋರಿಸುತ್ತಾರೆ. ಕರ್ತೃವಿನ ಒಪ್ಪಿಗೆಯ ಮುದ್ರೆಯೊಂದಿದ್ದರೆ ಸಾಕು, ಪಾಠಾಂತರದ ಚಿಂತೆ ಬೇಡ ಎಂಬ ಧೋರಣೆಯು ಒರೆಗಲ್ಲಿನ ಹೆಸರಿಗೆ ಒಪ್ಪುವುದಿಲ್ಲ.

ಎರಡನೆಯದು ಆಯ್ಕೆಯ ವಿಷಯ. ಕ್ರೈಟೀರಿಯನ್ನಿನ ತಟ್ಟೆಗಳ ಬೆನ್ನಿನ ಮೇಲೆ ಅನುಕ್ರಮಸಂಖ್ಯೆಯುಂಟು. ಸಂಗ್ರಾಹಕರು ಅವನ್ನು ಕಪಾಟಿನಲ್ಲಿ ಸಂಖ್ಯೆಯಂತೆ ಜೋಡಿಸಿಟ್ಟು ಸಂತೋಷಪಡುವುದುಂಟು. ನೋಡದೆಯೇ ಜೋಡಿಸಿಡುವವರೂ ಇಲ್ಲದಿಲ್ಲ. ೨೦೧೯ರಲ್ಲಿ ಸಾವಿರದ ಸಂಖ್ಯೆಯು ಜಪಾನಿನ ಗಾಡ್‌ಜಿಲ್ಲಾ ಎಂಬ ಮಹೋರಗದ ಹಳೆಯ ಚಿತ್ರಮಾಲೆಗೆ ಸಂದಿತು. ವಾನರನಿಂದ ಉರಗದವರೆಗೆ ಯಾತ್ರೆ ಸಾಗಿತೆನ್ನಬಹುದು. ಇಂತಹ ಸಂಖ್ಯೆಗಳು ಬಹುಬೇಗ ಪ್ರಮಾಣಪಟ್ಟಿಯಾಗಿ ಪರಿಣಮಿಸುತ್ತವೆ. ಪಟ್ಟಿಯಲ್ಲಿದ್ದುದು ಕಾವ್ಯ, ಇಲ್ಲದುದು ಅಕಾವ್ಯ ಎಂದು ಭಾವಿಸುವವರು ಹುಟ್ಟಿಕೊಳ್ಳುತ್ತಾರೆ. ೨೦೨೦ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಎಣಿಸಿ ನೋಡಿದಾಗ, ಸಾವಿರಕ್ಕೂ ಮೀರಿದ ಚಿತ್ರಗಳಲ್ಲಿ ಆಫ್ರಿಕನ್-ಅಮೆರಿಕನ್ ನಿರ್ದೇಶಕರು ನಾಲ್ವರೇ ನಾಲ್ವರು ಎಂಬುದು ಬಯಲಾಯಿತು. ಸಂಸ್ಥೆಯ ಅಧ್ಯಕ್ಷರಾದ ಪೀಟರ್ ಬೆಕರ್ ಅವರು ತಪ್ಪು ತಮ್ಮದೆಂದು ಒಪ್ಪಿಕೊಂಡರು. ಅನಂತರ ಸ್ಥಿತಿಯು ಸ್ವಲ್ಪ ಸುಧಾರಿಸಿತು. ಭಾರತದ ವಿಷಯದಲ್ಲಿಯೂ ಇಂತಹುದೇ ಕೊರತೆಯನ್ನು ಕಾಣಬಹುದು. ರಾಯ್ ಅವರ ಹಲವು ಚಿತ್ರಗಳು, ೨೦೦೯ರಲ್ಲಿ ಮೀರಾ ನಾಯರ್ ಅವರ ‘ಮಾನ್ಸೂನ್ ವೆಡ್ಡಿಂಗ್’, ಮಾರ್ಟಿನ್ ಸ್ಕಾರ್ಸೆಸೆ ಅವರ ವಿಶ್ವಚಿತ್ರಯೋಜನೆಯ ಸಂಪುಟದಲ್ಲಿ ೨೦೨೨ರಲ್ಲಿ ಉದಯಶಂಕರರ ‘ಕಲ್ಪನಾ’ ಹೀಗೆ ಕೆಲವು ಬಂದುವು. ಭರತಖಂಡದಷ್ಟು ಚಿತ್ರಗಳನ್ನು ತಯಾರಿಸುವ ದೇಶವಿಲ್ಲ. ಆ ಕಪಾಟಿನಲ್ಲಿ ಅದಕ್ಕೆ ದೊರೆತುದು ಒಂದು ಮೂಲೆ, ಅದರಲ್ಲಿಯೂ ಹೆಚ್ಚಿನ ಭಾಗ ಒಬ್ಬರೇ ಮಹನೀಯರದು.

ಮೂರನೆಯದು ಪ್ರಾಯಶಃ ಎಲ್ಲಕ್ಕಿಂತ ಗುರುತರವಾದುದು. ಅದು ಈ ಸಂಸ್ಥೆಯೊಂದರ ದೋಷವಲ್ಲ, ಕಾಲದ ದೋಷ. ತಟ್ಟೆಯು ಕೊಂಡವನ ಸ್ವತ್ತು, ಪುಸ್ತಕದಂತೆ ಕಪಾಟಿನಲ್ಲಿರುವುದು, ಮಕ್ಕಳಿಗೆ ಮೊಮ್ಮಕ್ಕಳಿಗೆ ಉಳಿಯುವುದು. ೨೦೧೦ರ ದಶಕದಲ್ಲಿ ಚಿತ್ರಗಳು ಅಂತರ್ಜಾಲದ ಮೂಲಕ ಮನೆಗೆ ಹರಿದುಬರತೊಡಗಿದಾಗ ಈ ಸಂಬಂಧವು ಬದಲಾಯಿತು. ಕ್ರೈಟೀರಿಯನ್ನಿನವರೂ ತಮ್ಮ ಭಂಡಾರವನ್ನು ೨೦೧೧ರಲ್ಲಿ ಹುಲು ಎಂಬ ಸಂಸ್ಥೆಯ ಮೂಲಕ, ೨೦೧೬ರಲ್ಲಿ ಟರ್ನರ್ ಸಂಸ್ಥೆಯವರೊಡನೆ ಕೂಡಿ ಫಿಲ್ಮ್‌ಸ್ಟ್ರಕ್ ಎಂಬ ಹೆಸರಿನಲ್ಲಿ ಹೀಗೆ ಒದಗಿಸಿದರು. ಫಿಲ್ಮ್‌ಸ್ಟ್ರಕ್ಕಿಗೆ ರಸಿಕರ ಆದರವು ಬೇಕಾದಷ್ಟು ದೊರೆಯಿತು. ಆದರೆ ಅದರ ಒಡೆತನವುಳ್ಳ ದೊಡ್ಡ ಕಂಪನಿಗೆ ಅಷ್ಟು ಗಿರಾಕಿಗಳು ಸಾಲದೆ ಹೋಗಿ, ೨೦೧೮ರ ನವೆಂಬರ್ ೨೯ರಂದು ಬಾಗಿಲು ಮುಚ್ಚಿಹೋಯಿತು. ನೂರಾರು ಉತ್ತಮ ಚಿತ್ರಗಳು ಒಂದೇ ರಾತ್ರಿಯಲ್ಲಿ ಚಂದಾದಾರರ ಮನೆಗಳಿಂದ ಮಾಯವಾದುವು. ಓಲೆಗರಿಯನ್ನು ಗೆದ್ದಲು ತಿನ್ನಬೇಕಾದರೂ ನೂರು ವರ್ಷ ಬೇಕು; ಇಲ್ಲಿ ಒಂದು ಆಡಳಿತಸಭೆಯ ನಿರ್ಣಯವು ಸಾಕಾಯಿತು. ೨೦೧೯ರ ಏಪ್ರಿಲ್‌ನಲ್ಲಿ ಕ್ರೈಟೀರಿಯನ್ ತನ್ನದೇ ಆದ ಚಾನೆಲನ್ನು ತೆರೆದು ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಟ್ಟಿತು. ಆದರೂ ಅದರಲ್ಲಿಯೂ ಚಿತ್ರಗಳು ತಿಂಗಳು ತಿಂಗಳಿಗೆ ಬರುವುವು, ಹೋಗುವುವು. ತಟ್ಟೆಯ ಮುದ್ರಣವನ್ನು ಸಂಸ್ಥೆಯು ಕೈಬಿಡದಿರುವುದು ಸಮಾಧಾನದ ಸಂಗತಿ.

೨೦೨೪ರ ಮೇ ತಿಂಗಳಲ್ಲಿ ಕ್ರೈಟೀರಿಯನ್ ಮತ್ತು ಜೇನಸ್ ಎರಡನ್ನೂ ಸ್ಟೀವನ್ ರೇಲ್ಸ್ ಎಂಬ ಧನಿಕರು ಕೊಂಡುಕೊಂಡರು. ಇವರು ಇಂಡಿಯನ್ ಪೇಂಟ್‌ಬ್ರಷ್ ಎಂಬ ಸ್ವತಂತ್ರ ಚಿತ್ರನಿರ್ಮಾಣಸಂಸ್ಥೆಯ ಸ್ಥಾಪಕರು; ವೆಸ್ ಆಂಡರ್ಸನ್ ಅವರ ಹಲವು ಚಿತ್ರಗಳು ಇವರ ನೆರವಿನಿಂದ ತಯಾರಾದುವು. ಆಂಡರ್ಸನ್ ಅವರ ಚಿತ್ರಗಳು ಕ್ರೈಟೀರಿಯನ್ನಿನ ಪಟ್ಟಿಯಲ್ಲಿ ಮೊದಲಿನಿಂದಲೂ ಇದ್ದುವೆಂಬುದು ನಿಜ. ಆದರೂ ನಿರ್ಮಾಪಕನೂ ಪರೀಕ್ಷಕನೂ ಒಂದೇ ಮನೆಯವರಾದಾಗ ಒರೆಗಲ್ಲು ಯಾರ ಚಿನ್ನವನ್ನು ಹೇಗೆ ಉಜ್ಜುವುದೆಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಪೀಟರ್ ಬೆಕರ್ ಅವರೇ ಅಧ್ಯಕ್ಷರಾಗಿ ಮುಂದುವರಿದುದರಿಂದ ಆತುರದ ತೀರ್ಮಾನವು ಸಲ್ಲದು.

ಕನ್ನಡಿಗರಿಗೆ ಇದೆಲ್ಲ ದೂರದ ಮಾತೆಂದು ತೋರಬಹುದು. ಅಮೆರಿಕದ ಬ್ಲೂ-ರೇ ತಟ್ಟೆಗೂ ಭಾರತದ ಯಂತ್ರಕ್ಕೂ ಪ್ರಾಂತಸಂಕೇತಗಳು ಬೇರೆಯಾದುದರಿಂದ, ಅಪುವಿನ ತಟ್ಟೆಯನ್ನು ಅಲ್ಲಿಂದ ತರಿಸಿದರೂ ಇಲ್ಲಿಯ ಸಾಮಾನ್ಯ ಯಂತ್ರದಲ್ಲಿ ಅದು ಓಡದು. ಕ್ರೈಟೀರಿಯನ್ನಿನ ಚಾನೆಲು ಅಮೆರಿಕ ಕೆನಡಾಗಳಿಗೆ ಮೀಸಲು. ಬಂಗಾ‍ಳದ ಹಳ್ಳಿಯ ಕಥೆಯು ಬಂಗಾಳಕ್ಕೇ ನೇರವಾಗಿ ಮುಟ್ಟದ ವಿಪರ್ಯಾಸವಿದು. ಆದರೆ ಕನ್ನಡದ ಸ್ವಂತ ಭಂಡಾರದ ಸ್ಥಿತಿಯೇನು? ೧೯೩೪ರಲ್ಲಿ ತೆರೆಕಂಡ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಉಳಿದಿಲ್ಲ. ಆರ್. ನಾಗೇಂದ್ರರಾಯರ ರಾವಣನನ್ನು ಕಂಡವರ ಮಾತುಗಳಿಂದ ಊಹಿಸಿಕೊಳ್ಳಬೇಕೇ ಹೊರತು ಕಾಣುವಂತಿಲ್ಲ. ಓಲೆಯಲ್ಲಿ ಸಾವಿರ ವರ್ಷ ಪಂಪನನ್ನು ಉಳಿಸಿಕೊಂಡ ನಾಡು, ತನ್ನ ಮೊದಲ ಚಿತ್ರವನ್ನು ನೂರು ವರ್ಷವೂ ಉಳಿಸಿಕೊಳ್ಳಲಾರದೆ ಹೋಯಿತು.

ಇದಕ್ಕೆ ಎದುರಾಗಿ ಒಂದು ಶುಭವಾರ್ತೆಯೂ ಉಂಟು. ಯು. ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು ೧೯೭೭ರಲ್ಲಿ ನಿರ್ದೇಶಿಸಿದ ‘ಘಟಶ್ರಾದ್ಧ’ವನ್ನು, ‘ಕಲ್ಪನಾ’ವನ್ನು ಉದ್ಧರಿಸಿದ ಅದೇ ವಿಶ್ವಚಿತ್ರಯೋಜನೆಯವರು ಭಾರತದ ಫಿಲ್ಮ್ ಹೆರಿಟೇಜ್ ಫೌಂಡೇಷನ್ನಿನವರೊಡನೆ ಕೂಡಿ ಶೋಧಿಸಿದರು, ೨೦೨೪ರ ವೆನಿಸ್ ಚಿತ್ರೋತ್ಸವದಲ್ಲಿ ಅದು ಪ್ರದರ್ಶಿತವಾಯಿತು. ಕತ್ತಲೆಯೂ ಹಣತೆಯ ಬೆಳಕೂ ಮಾತಿಗಿಂತ ಹೆಚ್ಚಾಗಿ ಕಥೆ ಹೇಳುವ ಆ ಚಿತ್ರಕ್ಕೆ ಶುದ್ಧಪಾಠವು ಅತ್ಯಗತ್ಯವಾಗಿದ್ದಿತು. ಇನ್ನು ಅದಕ್ಕೆ ಬೇಕಾದುದು ಟೀಕೆ. ವೆನಿಸ್ಸಿನಲ್ಲಿ ಕುಳಿತ ಪ್ರೇಕ್ಷಕನಿಗೆ ಮಡಕೆಯೊಂದು ಒಡೆಯುವುದು ಕಾಣುವುದು. ಉಡುಪರು ಮಾಡುತ್ತಿರುವುದು ಬದುಕಿರುವ ಮಗಳ ಶ್ರಾದ್ಧವೆಂದು, ಅಲ್ಲಿಂದ ಮುಂದೆ ಯಮುನಕ್ಕನಿಗೆ ಉಪಾಧ್ಯಾಯರ ಮನೆಯಲ್ಲಿ ನೀರು ಕೂಡ ಹುಟ್ಟದೆಂದು ತಿಳಿಯದು. ವೇದಪಾಠಶಾಲೆಯ ಹುಡುಗರಲ್ಲಿ ನಾಣಿಯೊಬ್ಬನೇ ಏಕೆ ಅಳುವನೆಂಬುದೂ ಅವನಿಗೆ ಅರ್ಧ ಮಾತ್ರ ತಿಳಿಯುವುದು. ಮಂತ್ರದ ಅರ್ಥವನ್ನೂ, ಮಡಿಮೈಲಿಗೆಯ ಸೂಕ್ಷ್ಮವನ್ನೂ, ಮಲೆನಾಡಿನ ಅಗ್ರಹಾರದ ಮಾತಿನ ವರಸೆಯನ್ನೂ ಒಳಗಿನಿಂದ ಬಲ್ಲವರು ಇನ್ನೂ ಕೆಲವರು ಇದ್ದಾರೆ. ಅವರು ಇರುವಾಗಲೇ ಅವರನ್ನು ಕೂರಿಸಿ, ದೃಶ್ಯದೃಶ್ಯಕ್ಕೂ ವಿವರಣೆಯನ್ನು ಹೇಳಿಸಿ, ಕನ್ನಡದಲ್ಲಿಯೇ ಒಂದು ಧ್ವನಿಪಥವನ್ನು ತುಂಬಿಸಿಡುವ ಕೆಲಸಕ್ಕೆ ಬೊಲೋನ್ಯದ ಪ್ರಯೋಗಶಾಲೆ ಬೇಕಾಗಿಲ್ಲ. ನ್ಯೂಯಾರ್ಕಿನ ಅಪ್ಪಣೆಯೂ ಬೇಕಾಗಿಲ್ಲ.